ಸಹಾಯ ಬೇಕು: ಎಲ್ಮ್ ಮರದ ಶಿಲೀಂಧ್ರದಲ್ಲಿ ಜಿಗಿಯುವ ಜೀನ್‌ಗಳನ್ನು ಎಣಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಎಲ್ಮ್ ಮರಗಳನ್ನು ಒಣಗಿಸುವ ಎರಡು ಶಿಲೀಂಧ್ರಗಳ ಜೀನೋಮ್ (ಇಡೀ ಡಿಎನ್‌ಎ) ಹೋಲಿಸುತ್ತಿದ್ದೇನೆ. ಒಂದು ಒಫಿಯೊಸ್ಟೋಮಾ ಅಲ್ಮೈ, ಇನ್ನೊಂದು ಅದಕ್ಕಿಂತ ಉಗ್ರವಾದ ನೋವೋ-ಅಲ್ಮೈ. ಎರಡನೆಯದರಲ್ಲಿ ಟ್ರಾನ್ಸ್‌ಪೋಸಾನ್‌ಗಳು, ಅಂದರೆ ಜೀನೋಮ್‌ನಲ್ಲಿ ಜಾಗ ಬದಲಿಸುವ ಜಿಗಿಯುವ ಜೀನ್‌ಗಳು, ಜಾಸ್ತಿ ಕಾಣುತ್ತಿವೆ. ಆದರೆ ನನಗೆ ನಂಬಿಕೆ ಬರುತ್ತಿಲ್ಲ. ಯಾಕೆಂದರೆ ನನ್ನ ಬಳಿ ಇರುವ ಮೊದಲನೆಯದರ ಅಸೆಂಬ್ಲಿ (ತುಣುಕುಗಳನ್ನು ಜೋಡಿಸಿ ಕಟ್ಟಿದ ಜೀನೋಮ್) ಚಿಕ್ಕ ರೀಡ್‌ಗಳದ್ದು (ರೀಡ್ ಅಂದರೆ ಯಂತ್ರ ಓದಿದ ಡಿಎನ್‌ಎ ತುಣುಕು), ಎರಡನೆಯದರದ್ದು ಉದ್ದ ರೀಡ್‌ಗಳದ್ದು. ಚಿಕ್ಕ ರೀಡ್‌ಗಳಲ್ಲಿ ಒಂದೇ ತರಹದ ಪ್ರತಿಗಳು ಒಂದರ ಮೇಲೊಂದು ಕೂತು ಒಂದೇ ಆಗಿಬಿಡುತ್ತವೆ ಅಲ್ವಾ?

ಮರುಕಳಿಸುವ ಡಿಎನ್‌ಎ ಹುಡುಕಿ ಅದರ ಪಟ್ಟಿ (ಲೈಬ್ರರಿ) ಮಾಡುವ ರಿಪೀಟ್‌ಮಾಡೆಲರ್ ತಂತ್ರಾಂಶವನ್ನು ಎರಡಕ್ಕೂ ಬೇರೆ ಬೇರೆ ಓಡಿಸಿದೆ. ಆಮೇಲೆ ಎರಡು ಲೈಬ್ರರಿಗಳನ್ನೂ ಕೂಡಿಸಿ, ಆ ಪಟ್ಟಿಯಲ್ಲಿರುವುದನ್ನು ಜೀನೋಮ್‌ನಲ್ಲಿ ಗುರುತಿಸುವ ರಿಪೀಟ್‌ಮಾಸ್ಕರ್‌ಗೆ ಕೊಟ್ಟೆ. ವ್ಯತ್ಯಾಸ ಹಾಗೇ ಉಳಿಯಿತು.

ಇನ್ನೊಂದು ತೊಡಕು ರಿಪ್ (RIP) ಎಂಬ ಶಿಲೀಂಧ್ರಗಳ ರಕ್ಷಣಾ ವಿಧಾನ. ಹಲವು ಶಿಲೀಂಧ್ರಗಳು ಮರುಕಳಿಸುವ ಡಿಎನ್‌ಎಯಲ್ಲಿ ಸಿ ಅಕ್ಷರವನ್ನು ಟಿ ಮಾಡಿ ಟ್ರಾನ್ಸ್‌ಪೋಸಾನ್ ಅನ್ನು ಕೆಡಿಸುತ್ತವೆ. ಅಂಥ ಹಳೆಯ ತುಣುಕುಗಳೇ ನನ್ನ ಫಲಿತಾಂಶದ ‘ಗುರುತಿಲ್ಲದ’ ಗುಂಪಿಗೆ ಬಿದ್ದಿವೆ ಎಂದು ನನ್ನ ಗುಮಾನಿ. ಅವನ್ನು ಸುಮ್ನೆ ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ.

ಹೊಸದಾಗಿ ಸೀಕ್ವೆನ್ಸ್ ಮಾಡಿಸಲು ಆಗುವುದಿಲ್ಲ. ಎರಡರದ್ದೂ ಚಿಕ್ಕ ರೀಡ್‌ಗಳು ಕೈಯಲ್ಲಿವೆ. ಅವನ್ನು ಒಂದೇ ಲೈಬ್ರರಿ ಮೇಲೆ ಕೂರಿಸಿ, ಒಂಟಿ ಪ್ರತಿಯ ಜೀನ್‌ಗಳ ಕವರೇಜ್ (ಒಂದು ಜಾಗದ ಮೇಲೆ ಬೀಳುವ ರೀಡ್‌ಗಳ ಸಂಖ್ಯೆ) ಜೊತೆ ಹೋಲಿಸಿ ಪ್ರತಿಗಳನ್ನು ಎಣಿಸಿದರೆ ಆ ಲೆಕ್ಕ ನಂಬಬಹುದಾ? ರಿಪ್‌ನಿಂದ ಕೆಟ್ಟ ಪ್ರತಿಗಳನ್ನು ಅದರಲ್ಲಿ ಸೇರಿಸಬೇಕಾ, ಬೇರೆಯಾಗಿ ತೋರಿಸಬೇಕಾ?