ಮೊಮ್ಮಗ ಪ್ರೀಸ್ಕೂಲಿಗೆ ಹೊರಟಿದ್ದಾನೆ, ಅಳು ನನಗೇ ಬರ್ತಿದೆ. ಏನು ಮಾಡಲಿ?

ಮೊಮ್ಮಗನ ಅಜ್ಜಿ:
ಮೊಮ್ಮಗನಿಗೆ 3 ವರ್ಷ 2 ತಿಂಗಳು. ಸೋಮವಾರದಿಂದ ಪ್ರೀಸ್ಕೂಲು, 9.30ರಿಂದ 12.30. ಬಿಡೋದು, ಕರ್ಕೊಂಡು ಬರೋದು ಎರಡೂ ನನ್ನ ಪಾಲಿಗೆ. ಗೇಟಿನಲ್ಲಿ ಅವನು ಅತ್ತರೆ ನಾನೂ ಅತ್ತುಬಿಡ್ತೀನೇನೋ ಅಂತ ಭಯ. ಆಟದಲ್ಲಿ ಮುಳುಗಿದ್ದಾಗ ಕಣ್ಣು ತಪ್ಪಿಸಿ ಬಂದುಬಿಟ್ಟರೆ ಮೇಲಾ? ಆ 3 ಗಂಟೆ ಮನೆ ಬಿಕೋ ಅನ್ನುತ್ತೆ ಅನ್ನೋದೂ ಒಂದು ಸಂಕಟ.

ಬಾಲವಾಡಿ ಟೀಚರ್:
ಕಣ್ಣು ತಪ್ಪಿಸಿ ಮಾತ್ರ ಬರಬೇಡಿ ಅಮ್ಮಾ. ಆ ಹೊತ್ತಿಗೆ ಅಳು ತಪ್ಪುತ್ತೆ ನಿಜ. ಆದ್ರೆ ತಿರುಗಿ ನೋಡಿದಾಗ ಅಜ್ಜಿ ಕಾಣದ ಮಗು ಮಾರನೇ ದಿನದಿಂದ ಸೆರಗು ಬಿಡಲ್ಲ, ಮನೇಲಿ ಬಚ್ಚಲಿಗೆ ಹೋದ್ರೂ ಹಿಂದೆ ಬರುತ್ತೆ.

ಗೇಟಿನಲ್ಲಿ ದಿನಾ ಒಂದೇ ಕ್ರಮ ಇರಲಿ. ಬ್ಯಾಗು ಅವನ ಕೈಗೆ, ಒಂದು ಮುತ್ತು, ಒಂದೇ ಮಾತು: "ರೈಮ್ಸ್ ಮುಗಿದ ತಕ್ಷಣ ಅಜ್ಜಿ ಬರ್ತಾಳೆ." ಹನ್ನೆರಡೂವರೆ ಅಂದ್ರೆ ಈ ವಯಸ್ಸಿಗೆ ಅರ್ಥವಾಗಲ್ಲ. ಅದಕ್ಕೇ ಕೊನೆಯಲ್ಲಿ ಏನು ಮಾಡಿಸ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಎಲ್ಲಾ 2 ನಿಮಿಷದಲ್ಲಿ ಮುಗಿಸಿ, ಟೀಚರ್ ಕೈಗೆ ಕೊಟ್ಟು ಹೊರಡಿ. ಕಿಟಕಿಯಲ್ಲಿ ಇಣುಕಿದ್ರೆ, ಅಳು ಕೇಳಿ ವಾಪಸ್ ಬಂದ್ರೆ, ಜೋರಾಗಿ ಅತ್ತರೆ ಅಜ್ಜಿ ಬರ್ತಾಳೆ ಅಂತ ಮಗು ಕಲಿಯುತ್ತೆ.

ಕಣ್ಣೀರು ತಡೆಯೋಕಾಗಲ್ಲ ಅನ್ನಿಸಿದ್ರೆ ಮೊದಲ ವಾರ ಮಗನೋ ಸೊಸೆಯೋ ಬಿಟ್ಟುಬರಲಿ, ನೀವು ಕರ್ಕೊಂಡು ಬನ್ನಿ. 12.25ಕ್ಕೇ ಗೇಟಿನಲ್ಲಿರಿ. ಎಲ್ಲರೂ ಹೋಗಿ ತಾನೊಬ್ಬನೇ ಉಳಿದ ಮಗುವಿಗೆ ಮಾರನೇ ದಿನ ಭಯ ಜಾಸ್ತಿ. ಸಾಮಾನ್ಯವಾಗಿ 2–3 ವಾರಕ್ಕೆ ಹೊಂದಿಕೊಳ್ತಾರೆ. ಭಾನುವಾರ ಕಳೆದ ಸೋಮವಾರಗಳಲ್ಲೋ ದಸರಾ ರಜೆ ಮುಗಿದ ಮೇಲೋ ಮತ್ತೆ ಅಳು ಶುರುವಾದ್ರೆ ಗಾಬರಿಯಾಗಬೇಡಿ.

ಇನ್ನೊಂದು: ನೀರು, ಸುಸು, ಕಕ್ಕ, ಹಸಿವು, ನೋವು ಇವಕ್ಕೆಲ್ಲ ಅವನು ಮನೇಲಿ ಬಳಸೋ ಮಾತುಗಳನ್ನ ಚೀಟಿಯಲ್ಲಿ ಬರೆದು ಟೀಚರಿಗೆ ಕೊಡಿ. ಹೇಳಿದ್ದು ಅರ್ಥವಾಗದೇ ಚಡ್ಡಿ ಒದ್ದೆಯಾಗೋದು ಬಹಳ.

ಆಪ್ತಸಮಾಲೋಚಕಿ:
ಅಜ್ಜಿಯ ಕಡೆಯದ್ದು ಹೇಳ್ತೀನಿ. ಕಷ್ಟ ಇರೋದು ಬಿಟ್ಟುಬಂದ ಮೊದಲ ಅರ್ಧ ಗಂಟೆ. ಗೇಟಿನಿಂದ ನೇರ ಮನೆಗೆ ಹೋಗಬೇಡಿ. ಪಾರ್ಕಿನಲ್ಲಿ 30 ನಿಮಿಷ ನಡೀರಿ, ಸಾಧ್ಯವಾದ್ರೆ ಇನ್ನೊಬ್ಬ ಅಜ್ಜಿಯ ಜೊತೆ. ಬೆಳಗ್ಗೆ ಮಗುವನ್ನ ಹೊರಡಿಸೋ ಗಡಿಬಿಡಿಯಲ್ಲಿ ಬಿಪಿ, ಶುಗರ್ ಮಾತ್ರೆ ತಪ್ಪುತ್ತೆ, ತಿಂಡಿ 11ಕ್ಕೆ ಹೋಗುತ್ತೆ. ಅವನಿಗಿಂತ ಮೊದಲು ನಿಮ್ಮ ತಿಂಡಿ ಮುಗಿಸಿ. ಅಳು ನಿಂತಾಗ ಒಂದು ಮೆಸೇಜ್ ಹಾಕಿ ಅಂತ ಟೀಚರಿಗೆ ಹೇಳಿದ್ರೆ ಪದೇ ಪದೇ ಫೋನ್ ಮಾಡೋ ಚಡಪಡಿಕೆ ಇರಲ್ಲ.

ಒಂದು ದಿನ ಅವನು ತಿರುಗಿಯೂ ನೋಡದೆ ಒಳಗೆ ಓಡ್ತಾನೆ. ಅಳುವುದಕ್ಕಿಂತ ಅದೇ ಹೆಚ್ಚು ಚುಚ್ಚುತ್ತೆ. ಅಜ್ಜಿ ಬಂದೇ ಬರ್ತಾಳೆ ಅನ್ನೋ ನಂಬಿಕೆ ಇರೋದಕ್ಕೇ ಆ ಓಟ. ಶಾಲೆಯಲ್ಲಿ ಸುಮ್ಮನಿದ್ದು ಮನೆಗೆ ಬಂದು ರಚ್ಚೆ ಹಿಡಿಯೋದೂ ಹಾಗೇ, ತಡೆದಿಟ್ಟಿದ್ದನ್ನ ತನ್ನವರ ಮುಂದೆ ಹೊರಹಾಕೋದು. ಆಗ "ಮಿಸ್ ಬೈದ್ರಾ, ಅತ್ತೆಯಾ" ಅಂತ ಕೇಳಬೇಡಿ. ನೀರು, ಒಂದು ಬಾಳೆಹಣ್ಣು, ಸ್ವಲ್ಪ ಹೊತ್ತು ಮಡಿಲು. "ಹಠ ಮಾಡಿದ್ರೆ ಮಿಸ್‌ಗೆ ಹೇಳ್ತೀನಿ" ಅನ್ನೋ ಮಾತಂತೂ ಮನೇಲಿ ಯಾರೂ ಆಡಬಾರದು.

2 ವಾರ ಕಳೆದರೂ ನಿಮಗೆ ನಿದ್ದೆ, ಊಟ ಸರಿಹೋಗದಿದ್ರೆ ವೈದ್ಯರಿಗೆ ತೋರಿಸಿ.

ಮೊಮ್ಮಗನ ಅಜ್ಜಿ:
ಇಬ್ಬರಿಗೂ ನಮಸ್ಕಾರ. ಅವನು ಕೈತುತ್ತಿಲ್ಲದೆ ತಿನ್ನಲ್ಲ, ಡಬ್ಬಿ ಹೇಗೆ? ಇನ್ನು ನನ್ನ ಅಗತ್ಯ ಇಲ್ಲ, ಊರಿಗೆ ಹೊರಡಲಾ ಅಂತಾನೂ ಅನ್ನಿಸ್ತಿದೆ.

ಬಾಲವಾಡಿ ಟೀಚರ್:
ಇವತ್ತಿಂದಲೇ 11 ಗಂಟೆಗೆ ಶಾಲೆಯ ಡಬ್ಬಿಯಿಂದಲೇ ಅವನೇ ತಿನ್ನೋ ಅಭ್ಯಾಸ ಮಾಡಿಸಿ: 2 ಪುಟ್ಟ ಇಡ್ಲಿ ಅಥವಾ ಬೆರಳುದ್ದ ಕತ್ತರಿಸಿದ ಚಪಾತಿ, ಮುಚ್ಚಳ ಅವನೇ ತೆಗೀಬೇಕು. ಇಡೀ ದ್ರಾಕ್ಷಿ, ಕಡಲೆಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ರಾತ್ರಿಯ ಕೈತುತ್ತು ಮಾತ್ರ ನಿಲ್ಲಿಸಬೇಡಿ.

ಆಪ್ತಸಮಾಲೋಚಕಿ:
ಊರಿಗೆ ಈಗಲೇ ಬೇಡ. ಶಾಲೆ ಹೊಸದು, ಅಜ್ಜಿಯೂ ಇಲ್ಲ ಅಂದ್ರೆ ಎರಡು ಪೆಟ್ಟು ಒಟ್ಟಿಗೆ. 12.30ರ ನಂತರ ಸಂಜೆವರೆಗೂ ಅವನಿಗೆ ನೀವೇ ಬೇಕಲ್ಲ. ದಸರಾ ರಜೆಯಲ್ಲಿ ಹೋಗಿ, ಅದಕ್ಕೆ ಮೂರು ನಾಲ್ಕು ದಿನ ಮುಂಚೆ ಅವನಿಗೇ ಹೇಳಿ, ಬಟ್ಟೆ ಜೋಡಿಸುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ.