ಕೃತಕ ಹುಲ್ಲುಹಾಸಿನಲ್ಲಿ ಕಸ ಏಳದಂತೆ ಏನು ಮಾಡಬೇಕು?

ಕೇಳಿದವರು: ಧಾರವಾಡ, ಸಪ್ತಾಪುರ

ಕಳೆದ ದೀಪಾವಳಿಗೆ ಮುಂಚೆ ನಮ್ಮ ಮನೆಯ ಮುಂದಿನ ಸುಮಾರು 400 ಚದರ ಅಡಿ ಜಾಗಕ್ಕೆ ಕೃತಕ ಹುಲ್ಲು ಹಾಸಿಸಿದೆವು. ಅತ್ತೆಯವರಿಗೆ ಮೊಣಕಾಲು ನೋವಿದೆ. ಮಳೆಗಾಲದಲ್ಲಿಯೂ ಕೆಸರು ತುಳಿಯದೆ ಅವರು ಮುಂಜಾನೆ ನಾಲ್ಕು ಹೆಜ್ಜೆ ಅಡ್ಡಾಡಲಿ ಎಂಬುದು ನಮ್ಮ ಆಸೆಯಾಗಿತ್ತು. ಹಾಸಲು ಬಂದವರು ನೆಲವನ್ನು ಮಟ್ಟಮಾಡಿ, ಕರಿಯ ಪ್ಲಾಸ್ಟಿಕ್ ಹಾಳೆ ಹರವಿ, ಅದರ ಮೇಲೆ ಹುಲ್ಲಿನ ಸುರುಳಿಗಳನ್ನು ಬಿಚ್ಚಿ ಒಂದೇ ದಿನದಲ್ಲಿ ಕೆಲಸ ಮುಗಿಸಿ ಹೋದರು. ಬೇಸಿಗೆ ಮುಗಿಯುವವರೆಗೂ ಎಲ್ಲ ಚೆನ್ನಾಗಿತ್ತು. ಈಗ ಮೃಗಶಿರದ ಎರಡು ಮಳೆ ಬಿದ್ದ ಮೇಲೆ ಕಾಂಪೌಂಡ್ ಗೋಡೆಯ ಬದಿಗೆ ಕರಕಿ (ಗರಿಕೆ), ನಡುವಿನ ಜೋಡಣೆಯ ಉದ್ದಕ್ಕೂ ಚೂಪಾದ ಎಲೆಯ ಒಂದು ಬಗೆಯ ಹುಲ್ಲು, ಅಲ್ಲಲ್ಲಿ ಕಾಂಗ್ರೆಸ್ ಕಸದ ಪುಟ್ಟ ಸಸಿಗಳು ಎದ್ದಿವೆ. ಔಷಧ ಹೊಡೆದರೆ ಸಾಕೇ, ಅಥವಾ ಎಲ್ಲವನ್ನೂ ಎತ್ತಿ ಮತ್ತೆ ಹಾಸಿಸಬೇಕೇ? ಹಾಸಿಸಿಕೊಂಡು ಕೆಲವು ಮಳೆಗಾಲ ಕಂಡವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಹುಬ್ಬಳ್ಳಿ, ವಿದ್ಯಾನಗರದಿಂದ

ಅಕ್ಕಾವರೇ, ಔಷಧದ ಮಾತಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಮಳೆ ನಿಂತ ಮರುದಿನ ನೆಲ ಇನ್ನೂ ಹಸಿ ಇರುವಾಗ ಅಂಚಿನಿಂದ ಒಂದು, ಜೋಡಣೆಯಿಂದ ಒಂದು, ನಡುವಿನಿಂದ ಒಂದು ಹೀಗೆ ಮೂರು ಗಿಡಗಳನ್ನು ಬುಡ ಹಿಡಿದು ನಿಧಾನವಾಗಿ ಎಳೆಯಿರಿ. ಅವುಗಳ ಬೇರನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಬೇರು ಕೂದಲಿನಂತೆ ತೆಳ್ಳಗಿದ್ದು, ಅದಕ್ಕೆ ಉಸುಕಿನ ಹರಳು ಮತ್ತು ಕಂದು ಧೂಳು ಮೆತ್ತಿಕೊಂಡಿದ್ದರೆ, ಆ ಗಿಡದ ಬೀಜ ಗಾಳಿಯಲ್ಲಿ ಬಂದು ಮೇಲಿನಿಂದ ಬಿದ್ದದ್ದು ಎಂದು ತಿಳಿಯಬೇಕು. ಹಾಗಲ್ಲದೆ, ಎಳೆದಾಗ ಚಟ್ಟನೆ ತುಂಡಾಗಿ, ಬುಡದ ಕಾಂಡ ಬಿಳುಚಿಕೊಂಡು ಹಳದಿ ದಾರದಂತೆ ಕಂಡರೆ, ಅದು ಹಾಸಿನ ಕೆಳಗಿನ ಕತ್ತಲೆಯಲ್ಲಿ ದಾರಿ ಹುಡುಕಿಕೊಂಡು ಮೇಲೆ ಬಂದ ಗಿಡ. ಆ ಬಿಳಿಯ ಭಾಗ ಎಷ್ಟು ಉದ್ದವಿದೆಯೋ ಅಷ್ಟು ದೂರ ಅದು ಬೆಳಕಿಲ್ಲದೆ ನಡೆದು ಬಂದಿದೆ. ಇವೆರಡಕ್ಕೂ ಉಪಾಯ ಬೇರೆ ಬೇರೆ. ಇದನ್ನು ತಿಳಿಯದೆ ನಾನು ಎರಡು ಮಳೆಗಾಲ ಸುಮ್ಮನೆ ದುಡ್ಡು ಕಳೆದೆ.

ನಮ್ಮಲ್ಲಿ ಎದ್ದ ಕಸದಲ್ಲಿ ಹೆಚ್ಚಿನದು ಮೇಲಿನಿಂದ ಬಂದದ್ದು. ಪಕ್ಕದ ಮನೆಯ ಬೇವಿನ ಮರದ ಎಲೆ, ರಸ್ತೆಯ ಧೂಳು, ಪಾರಿವಾಳದ ಹಿಕ್ಕೆ ಇವೆಲ್ಲ ಹುಲ್ಲಿನ ಎಳೆಗಳ ನಡುವೆ ಇಳಿದು, ವರ್ಷದೊಳಗೆ ಬೀಜ ಮೊಳೆಯಲು ಬೇಕಾದಷ್ಟು ಮಣ್ಣಿನ ಪದರ ತಾನಾಗಿಯೇ ಸಿದ್ಧವಾಗಿತ್ತು. ಹಾಸಿನ ಕೆಳಗೆ ಎಂಥ ಬಟ್ಟೆ ಹಾಕಿದ್ದರೂ ಈ ಮೇಲಿನ ಮಣ್ಣಿಗೆ ಅದು ಅಡ್ಡ ಬರುವುದಿಲ್ಲ. ಕಾಂಗ್ರೆಸ್ ಕಸದ ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಎದುರಿಗೆ ಖಾಲಿ ಸೈಟ್ ಇದ್ದರೆ ನಮ್ಮ ಅಂಗಳಕ್ಕೆ ಬೀಜದ ಬರ ಎಂದೂ ಬರುವುದಿಲ್ಲ. ಆದುದರಿಂದ ಈಗ ನಾನು ವಾರಕ್ಕೊಮ್ಮೆ ಗಟ್ಟಿ ನಾರಿನ ಪ್ಲಾಸ್ಟಿಕ್ ಬ್ರಷ್ ಹಿಡಿದು, ಎಳೆಗಳು ಬಾಗಿರುವ ದಿಕ್ಕಿಗೆ ಎದುರಾಗಿ ಗುಡಿಸುತ್ತೇನೆ. ಹಾಗೆ ಗುಡಿಸಿದಾಗ ಎಳೆಗಳು ನೆಟ್ಟಗೆ ನಿಂತು, ಒಳಗಿನ ಎಲೆಚೂರು ಮೇಲೆ ಬರುತ್ತದೆ. ತಂತಿಯ ಬ್ರಷ್ ಬಳಸಬಾರದು, ಎಳೆ ಸೀಳುತ್ತದೆ. ರೋಹಿಣಿ ಮಳೆಗೆ ಮುಂಚೆ ಒಮ್ಮೆ ಇಡೀ ಹಾಸನ್ನು ಚೆನ್ನಾಗಿ ಝಾಡಿಸಿ ತೆಗೆಯುವುದು ವರ್ಷದ ಎಲ್ಲ ಕೆಲಸಗಳಿಗಿಂತ ಮುಖ್ಯವಾದದ್ದು. ಎದುರಿನ ಖಾಲಿ ಸೈಟಿನ ಕಸವನ್ನೂ ಅದು ಹೂ ಬಿಡುವ ಮೊದಲೇ ನಾವೇ ಓಣಿಯವರು ಸೇರಿ ಕೀಳುತ್ತೇವೆ.

ಮಾಡಿ ಕೆಟ್ಟದ್ದನ್ನೂ ಹೇಳಬೇಕು. ಮೊದಲ ವರ್ಷ ವಿನೆಗರ್ ಸಿಂಪಡಿಸಿದೆ. ಎಲೆ ಸುಟ್ಟು ಕಂದಾಯಿತು, ಬೇರು ಹಾಗೆಯೇ ಉಳಿದು ಕೆಲವೇ ದಿನಗಳಲ್ಲಿ ಮತ್ತೆ ಚಿಗುರಿತು. ಉಪ್ಪು ಹಾಕಿದೆ, ಕರಕಿ ಸಾಯಲಿಲ್ಲ, ಗೋಡೆಯ ಬದಿಯ ಮಲ್ಲಿಗೆ ಬಳ್ಳಿ ಒಣಗಿತು. ಕುದಿಯುವ ನೀರು ಸುರಿಯಿರಿ ಎಂದು ಹೇಳುವವರು ಇದ್ದಾರೆ, ದಯವಿಟ್ಟು ಬೇಡ. ಅದರಿಂದ ಎಳೆಗಳು ಮುದುಡುತ್ತವೆ, ಜೋಡಣೆಯ ಅಂಟು ಸಡಿಲಾಗುತ್ತದೆ. ಡೀಸೆಲ್, ಸೀಮೆಎಣ್ಣೆಯನ್ನಂತೂ ಹತ್ತಿರಕ್ಕೂ ತರಬೇಡಿ.

ಗದಗ, ಮುಳಗುಂದ ನಾಕಾದಿಂದ

ನಾನು ಕೆಲವು ವರ್ಷಗಳಿಂದ ಇದೇ ಹಾಸುವ ಕೆಲಸ ಮಾಡುತ್ತಿದ್ದೇನೆ. ವಿದ್ಯಾನಗರದ ಸರ್ ಹೇಳಿದ್ದು ಮೇಲಿನಿಂದ ಬರುವ ಕಸಕ್ಕೆ ಪೂರ್ತಿ ಸರಿ, ಆದರೆ ಮೇಡಂ ಅವರ ಅಂಗಳದ ವಿವರಣೆಯನ್ನು ಓದಿದರೆ ಅಲ್ಲಿ ಕೆಳಗಿನ ತೊಂದರೆಯೂ ಇದೆ ಎಂದು ನನಗೆ ತೋರುತ್ತದೆ. ಮಣ್ಣಿನ ಮೇಲೆ ನೇರವಾಗಿ ಪ್ಲಾಸ್ಟಿಕ್ ಹಾಳೆ ಹರವಿ ಹುಲ್ಲು ಹಾಸುವುದು ಅಗ್ಗದ ಕೆಲಸ, ಅದು ಒಂದು ಮಳೆಗಾಲವನ್ನೂ ತಾಳುವುದಿಲ್ಲ. ಹುಲ್ಲಿನ ಬೆನ್ನಿಗೆ ನೀರು ಇಳಿಯಲೆಂದೇ ಸಣ್ಣ ರಂಧ್ರಗಳಿರುತ್ತವೆ. ಕೆಳಗೆ ತೂತಿಲ್ಲದ ಹಾಳೆ ಇದ್ದರೆ ಆ ನೀರು ಹಾಳೆಯ ಮೇಲೆಯೇ ನಿಂತು, ಧೂಳು ಕೊಳೆತು, ಕಸಕ್ಕೆ ಬೇಕಾದ ತೇವವನ್ನು ನಾವೇ ಕೂಡಿಟ್ಟಂತಾಗುತ್ತದೆ. ಅಲ್ಲಿ ಬೇಕಾದದ್ದು ನೀರನ್ನು ಬಿಟ್ಟು ಬೇರನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬೆರಳಿನಿಂದ ಹಿಗ್ಗಿಸಿದರೆ ಹರಿಯುವಂಥದ್ದನ್ನು ತರಬೇಡಿ. ಚದರ ಮೀಟರಿಗೆ 150 ಗ್ರಾಂ ತೂಗುವ ಬಟ್ಟೆಯಾದರೆ ಮನೆಯ ಅಂಗಳಕ್ಕೆ ಸಾಕು. ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಕನಿಷ್ಠ ಒಂದು ಅಡಿ ಏರಿ ಕೂರಬೇಕು. ಹುಲ್ಲಿನ ಜೋಡಣೆ ಮತ್ತು ಬಟ್ಟೆಯ ಜೋಡಣೆ ಒಂದೇ ಗೆರೆಯ ಮೇಲೆ ಬರಬಾರದು. ಬಂದರೆ ನೀವು ಹೇಳಿದ ಹಾಗೆ ನಡುವೆ ಸಾಲು ಹಿಡಿದು ಹುಲ್ಲು ಏಳುತ್ತದೆ.

ನಮ್ಮ ಕಡೆಯ ಎರೆಮಣ್ಣಿನ ಗುಣವನ್ನು ಬೇರೆ ಊರಿನಿಂದ ಬಂದು ಹಾಸುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುತ್ತದೆ. ಹೀಗೆ ನೆಲ ಉಸಿರಾಡಿದಂತೆ ಏರಿಳಿಯುವಾಗ ಮೇಲಿನ ಹಾಸು ಅಂಚಿನಲ್ಲಿ ಗೋಡೆಯಿಂದ ಸರಿದು, ಅರ್ಧ ಇಂಚಿನ ಸಂದು ಬಿಡುತ್ತದೆ. ಕರಕಿಗೆ ಅಷ್ಟು ಸಂದು ಬೇಕಾದಷ್ಟಾಯಿತು. ಧಾರವಾಡದ ಕೆಲವು ಕಡೆ ನೆಲ ಕೆಂಪಾಗಿದ್ದರೆ ಈ ತೊಂದರೆ ಕಡಿಮೆ; ನಿಮ್ಮದು ಯಾವ ಮಣ್ಣು ಎಂದು ನೋಡಿಕೊಳ್ಳಿ. ಎರೆ ಇದ್ದಲ್ಲಿ ನಾನು ಆರು ಇಂಚು ಮಣ್ಣು ತೆಗೆಸಿ, ಮೂರು ಇಂಚು ಗರಸು (ಮೊರಂ) ಹಾಕಿ ನೀರು ಹೊಡೆದು ದಮ್ಮಸು ಮಾಡಿಸಿ, ಮೇಲೆ ಮೂರು ಇಂಚು ಕಡಿ (ಜಲ್ಲಿ) ಮತ್ತು ಕ್ರಷರ್ ಪುಡಿ ಕೂರಿಸಿದ ನಂತರವೇ ಬಟ್ಟೆ ಹಾಸುತ್ತೇನೆ. ನಿಮ್ಮ 400 ಚದರ ಅಡಿಗೆ ಮೂರು ಇಂಚು ಎಂದರೆ ಸರಿಯಾಗಿ 100 ಘನ ಅಡಿ, ಅಂದರೆ ಒಂದು ಬ್ರಾಸ್. ದಮ್ಮಸಿಗೆ ಕುಗ್ಗುವುದನ್ನು ಸೇರಿಸಿ ಸ್ವಲ್ಪ ಹೆಚ್ಚು ತರಿಸಬೇಕು. ಇಳಿಜಾರು 10 ಅಡಿಗೆ ಒಂದು ಇಂಚಿಗಿಂತ ತುಸು ಹೆಚ್ಚಿರಲಿ.

ಎಲ್ಲಕ್ಕಿಂತ ಹೆಚ್ಚು ಕಸ ನುಗ್ಗುವುದು ಅಂಚಿನಿಂದ. ಗೋಡೆಗೆ ತಾಗುವ ಕಡೆ ಗೌಂಡಿಯಿಂದ ನಾಲ್ಕು ಇಂಚು ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಇಲ್ಲವೇ ಶಹಾಬಾದ ಫರಸಿಯ ಉದ್ದನೆಯ ತುಂಡುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಬಟ್ಟೆಯನ್ನೂ ಹುಲ್ಲನ್ನೂ ಅದರ ಮೇಲೆ ಎಳೆದು ಅಂಟಿಸಿದರೆ ಸಂದು ಉಳಿಯುವುದಿಲ್ಲ. ಮಣ್ಣಿಗೆ ಮೊಳೆ ಹೊಡೆದು ಬಿಟ್ಟ ಅಂಚು ಎರೆಯಲ್ಲಿ ನಿಲ್ಲುವುದಿಲ್ಲ. ಇನ್ನು ನಮ್ಮ ಗದಗಿನ ಗಾಳಿಯ ವಿಷಯ: ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಸೀಮೆ ಇದು. ಆಷಾಢದಲ್ಲಿ ಎಷ್ಟು ಗುಡಿಸಿದರೂ ಮರುದಿನ ಧೂಳು ಇದ್ದೇ ಇರುತ್ತದೆ. ಆ ತಿಂಗಳು ನನ್ನ ಗಿರಾಕಿಗಳಿಗೆ ವಾರಕ್ಕೆ ಎರಡು ಬಾರಿ ಗುಡಿಸಲು ಹೇಳುತ್ತೇನೆ.

ರಾಣೇಬೆನ್ನೂರಿನಿಂದ

ತಂಗೀ, ನಾನು ಒಕ್ಕಲುತನದವನು; ಮಗ ಮನೆಯ ಮುಂದೆ ಈ ಹುಲ್ಲು ಹಾಸಿಸಿದ ಮೇಲೆ ಅದರ ನಿಗಾ ನನ್ನದಾಗಿದೆ. ನೀವು ಬರೆದ ಚೂಪಾದ ಎಲೆಯ ಹುಲ್ಲಿನ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಮೂಲೆ ಇದ್ದು ಬೆರಳಿಗೆ ಒತ್ತಿದಂತಾದರೆ ಅದು ಜೇಕು. ಜೇಕಿನ ಮೊಳಕೆ ಪ್ಲಾಸ್ಟಿಕ್ ಹಾಳೆಯನ್ನೂ ಸೂಜಿಯಂತೆ ಚುಚ್ಚಿ ಮೇಲೆ ಬರುತ್ತದೆ. ಮಲ್ಚಿಂಗ್ ಹಾಳೆ ಹಾಕಿ ಮೆಣಸಿನಕಾಯಿ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಮೇಲೆ ಕಿತ್ತರೆ ಗಡ್ಡೆ ನೆಲದಲ್ಲಿಯೇ ಉಳಿಯುತ್ತದೆ, ಒಂದು ಗಡ್ಡೆಗೆ ಇನ್ನೊಂದು ಗಡ್ಡೆ ಸರಪಳಿಯಂತೆ ಕೂಡಿಕೊಂಡಿರುತ್ತದೆ. ಹಾಸು ಎತ್ತುವ ಪ್ರಸಂಗ ಬಂದರೆ ಕುರ್ಚಿಗೆಯಿಂದ ಕೆರೆದು ಬಿಡಬೇಡಿ. ಮುಕ್ಕಾಲು ಅಡಿ ಅಗೆದು, ಮಣ್ಣನ್ನು ಜರಡಿ ಹಿಡಿದು ಗಡ್ಡೆ ಆರಿಸಿ, ಬಿಸಿಲಿಗೆ ಪೂರ್ತಿ ಒಣಗಿಸಿ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಅದು ಹಿತ್ತಲಿಗೆ ಮರಳಿ ಬರುತ್ತದೆ.

ಬೀಜದಿಂದ ಏಳುವ ಕಸಕ್ಕೆ ಬಿಸಿಲೇ ದೊಡ್ಡ ಮದ್ದು. ಚೈತ್ರ, ವೈಶಾಖದಲ್ಲಿ ನೆಲವನ್ನು ನೀರಿನಿಂದ ನೆನೆಸಿ, ಪಾರದರ್ಶಕ ಪಾಲಿಥೀನ್ ಹಾಳೆ ಬಿಗಿಯಾಗಿ ಹೊದಿಸಿ, ಸುತ್ತಲೂ ಅಂಚನ್ನು ಮಣ್ಣಿನಲ್ಲಿ ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲ್ಪದರದ ಬೀಜ ಬಹುಪಾಲು ಬೆಂದು ಹೋಗುತ್ತದೆ. ಹಾಳೆ ಪಾರದರ್ಶಕವಾಗಿಯೇ ಇರಬೇಕು. ಬಿಸಿಲು ಅದರೊಳಗೆ ಹಾಯ್ದು ಮಣ್ಣನ್ನೇ ಕಾಯಿಸಬೇಕು. ಆಳದ ಜೇಕಿನ ಗಡ್ಡೆಗೆ ಮಾತ್ರ ಇದು ಸಾಲದು.

ಔಷಧದ ಬಗ್ಗೆ ಕೇಳಿದ್ದೀರಿ. ಗ್ಲೈಫೋಸೇಟ್ ಹಸಿರು ಎಲೆಯ ಮೂಲಕ ಒಳಹೊಕ್ಕು ಬೇರಿಗೆ ಇಳಿಯುವ ಔಷಧ. ಎಲೆ ಇಲ್ಲದಲ್ಲಿ, ಅಂದರೆ ಮುಂದೆ ಕಸ ಬಾರದಿರಲಿ ಎಂದು ಬರಿಯ ನೆಲಕ್ಕೆ ಹೊಡೆದರೆ, ಅದು ಮಣ್ಣಿಗೆ ಅಂಟಿ ನಿರುಪಯೋಗವಾಗುತ್ತದೆ. ಹೊಡೆದ ಕೆಲವು ತಾಸಿನಲ್ಲಿ ಮಳೆ ಬಂದರೂ ವ್ಯರ್ಥ. ಅಲ್ಲದೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಇದನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರ ಮೂಲಕವೇ ಬಳಸಬೇಕೆಂದು ನಿರ್ಬಂಧಿಸಿತು. ಹಿರಿಯರು ಬರಿಗಾಲಲ್ಲಿ ಅಡ್ಡಾಡುವ, ಮಕ್ಕಳು ಉರುಳಾಡುವ ಜಾಗಕ್ಕೆ ನಾನಂತೂ ಅದನ್ನು ಹೇಳಲಾರೆ. ಹತ್ತಿಪ್ಪತ್ತು ಗಿಡಗಳಿಗೆ ಕೈಯೇ ಸಾಕು. ಆದರೆ ಕಾಂಗ್ರೆಸ್ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ; ತುರಿಕೆ, ದದ್ದು ಎದ್ದು ಕೆಲವರಿಗೆ ತಿಂಗಳುಗಟ್ಟಲೆ ಕಾಡುತ್ತದೆ. ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲು ಕಿತ್ತುಬಿಡಿ.

ಹುಬ್ಬಳ್ಳಿ, ಕೇಶ್ವಾಪುರದಿಂದ

ನಮ್ಮದು ಮಾಳಿಗೆಯ ಮೇಲಿನ ಹಾಸು, ಕೆಳಗೆ ಮಣ್ಣೇ ಇಲ್ಲ. ಆದರೂ ಕಸ ಬಂದಿತು. ಮೂಲೆಯಲ್ಲಿ ನೀರು ಹೋಗುವ ಪೈಪಿನ ಬಾಯಿಗೆ ಧೂಳು ಕಟ್ಟಿ, ಅದರಲ್ಲಿ ಅರಳಿಯ ಸಸಿಯೊಂದು ಬೇರು ಬಿಟ್ಟಿತ್ತು. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜವಿರಬೇಕು. ಮಾಳಿಗೆಯವರು ಅರಳಿ, ಆಲದ ಸಸಿಯನ್ನು ಎರಡೆಲೆ ಇರುವಾಗಲೇ ತೆಗೆಯಬೇಕು, ಬೇರು ಸ್ಲ್ಯಾಬಿಗೆ ಇಳಿದರೆ ಖರ್ಚು ಹುಲ್ಲಿನದಲ್ಲ, ಮನೆಯದು.

ಕೇಳಿದವರು ಮತ್ತೆ: ಧಾರವಾಡ, ಸಪ್ತಾಪುರ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮುಂಜಾನೆ ಮಳೆ ಹೊಳವಾದಾಗ ಮೂರು ಕಡೆಯಿಂದ ಗಿಡ ಎಳೆದು ನೋಡಿದೆ. ನಡುವಿನ ಕಾಂಗ್ರೆಸ್ ಸಸಿಗಳು ಧೂಳಿನೊಂದಿಗೆ ಸಲೀಸಾಗಿ ಬಂದವು. ಜೋಡಣೆಯ ಹುಲ್ಲಿನ ಕಾಂಡ ಮೂರು ಮೂಲೆಯದು, ಬುಡದಲ್ಲಿ ನನ್ನ ಕಿರುಬೆರಳಿನಷ್ಟು ಉದ್ದ ಬಿಳಿಯ ಭಾಗವಿತ್ತು. ಆಮೇಲೆ ಗೌಂಡಿಯವರನ್ನು ಕರೆಸಿ ಗೋಡೆಯ ಬದಿಯ ಒಂದು ಮೂಲೆಯನ್ನು ಎತ್ತಿಸಿದೆವು. ಹಾಳೆಯ ಮೇಲೆ ನೀರು ನಿಂತು ನಾರುತ್ತಿತ್ತು. ಹಾಳೆಯ ಕೆಳಗೆ ಕರಕಿಯ ಬಿಳಿ ಬಳ್ಳಿಗಳು ಒಂದರ ಮೇಲೊಂದು ಚಪ್ಪಟೆಯಾಗಿ, ಹೆಣೆದ ಬುಟ್ಟಿಯ ತಳದಂತೆ ಹರಡಿದ್ದವು. ಮಣ್ಣು ಎರೆಯಲ್ಲ, ಕೆಂಪು, ಅಷ್ಟು ಸಮಾಧಾನ.

ಈ ಮಳೆಗಾಲಕ್ಕೆ ಗೋಡೆಯ ಬದಿಯ ಒಂದು ಅಡಿಯನ್ನಷ್ಟೇ ಎತ್ತಿ, ಕರಕಿ ತೆಗೆದು, ಕಾಂಕ್ರೀಟ್ ಪಟ್ಟಿ ಹಾಕಿಸುತ್ತೇವೆ. ನಿಂತ ನೀರು ಇಳಿಯಲೆಂದು ಅಲ್ಲಿ ಹಾಳೆಯನ್ನು ಕತ್ತರಿಸಿ ತೆಗೆದಿದ್ದೇವೆ. ಜೋಡಣೆಯ ಜೇಕನ್ನು ವಾರವಾರವೂ ಬುಡಕ್ಕೆ ಕತ್ತರಿಸುತ್ತಾ ಹೋಗಿ, ಬರುವ ಚೈತ್ರದಲ್ಲಿ ಪೂರ್ತಿ ಎತ್ತಿಸಿ, ಅಗೆದು, ಬಿಸಿಲು ಕಾಯಿಸಿ, ಒಂದು ಬ್ರಾಸ್ ಕಡಿ ತರಿಸಿ ಮತ್ತೆ ಹಾಸಿಸುವುದೆಂದು ಮನೆಯಲ್ಲಿ ಮಾತಾಯಿತು. ಗುಡಿಸುವ ಕೆಲಸವನ್ನು ಅತ್ತೆಯವರು ತಮಗೇ ಬೇಕೆಂದು ತೆಗೆದುಕೊಂಡಿದ್ದಾರೆ. ಅವರಿಗೆ ಬಾಗದೆ ಗುಡಿಸಲು ಬರುವಂತೆ ಉದ್ದ ಹಿಡಿಕೆಯ ಬ್ರಷ್ ತಂದಿದ್ದೇವೆ. ಮೂಲೆಯಲ್ಲಿ ಸಿಕ್ಕ ಹನ್ನೊಂದು ಜೇಕಿನ ಗಡ್ಡೆಗಳನ್ನು ಹಳೆಯ ಪರಾತದಲ್ಲಿ ಹಾಕಿ ಮಾಳಿಗೆಯ ಮೇಲೆ ಇಟ್ಟಿದ್ದೇನೆ, ಮೋಡ ಸರಿದು ಬಿಸಿಲು ಬಿದ್ದರೆ ಒಣಗಲಿ ಎಂದು.