ಸೆಸ್ನಾ 172ರ ಜಿ1000: 6500 ಅಡಿ ಕೊಟ್ಟರೂ ವಿಮಾನ ಯಾಕೆ ಏರುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ಮನೆಯ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡಿದ್ದೇನೆ. ಗಾರ್ಮಿನ್ ಕಂಪನಿಯ ಸ್ಕ್ರೀನ್ ವ್ಯವಸ್ಥೆಯಾದ ಜಿ1000 ಇರುವ ಸಣ್ಣ ವಿಮಾನ ಸೆಸ್ನಾ 172ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಡುತ್ತೇನೆ. ಕೈಯಲ್ಲಿ ಹಾರಿಸೋದು ಪರವಾಗಿಲ್ಲ. ಆದರೆ ಆಟೋಪೈಲಟ್ 4500 ಅಡಿಯಲ್ಲಿ ನಿಂತಿರುವಾಗ ಎತ್ತರ ಕೊಡುವ ಎಎಲ್‌ಟಿ ನಾಬ್ ತಿರುಗಿಸಿ 6500 ಕೊಟ್ಟರೆ ವಿಮಾನ ಏರೋದೇ ಇಲ್ಲ. ಇಷ್ಟೊಂದು ಬಟನ್‌ಗಳಲ್ಲಿ ಮೊದಲು ಯಾವುದನ್ನು ಕಲಿಯಬೇಕು?

ಉತ್ತರ (ಫ್ಲೈಯಿಂಗ್ ಇನ್‌ಸ್ಟ್ರಕ್ಟರ್): ನಮಸ್ಕಾರ. ಬಟನ್‌ಗಿಂತ ಮೊದಲು ಎಡಗಡೆ ಸ್ಕ್ರೀನಿನ, ಅಂದರೆ ವೇಗ, ಎತ್ತರ ತೋರಿಸುವ ಪಿಎಫ್‌ಡಿಯ, ಮೇಲಿನ ಸಾಲು ಓದೋದನ್ನು ಕಲಿಯಿರಿ. ಆಟೋಪೈಲಟ್ ಏನು ಮಾಡುತ್ತಿದೆ ಅನ್ನೋದು ಅಲ್ಲೇ ಇರುತ್ತದೆ. ಹಸಿರು ಅಕ್ಷರ ಅಂದರೆ ಈಗ ನಡೆಯುತ್ತಿರುವ ಕೆಲಸ. ಬಿಳಿ ಅಂದರೆ ಮುಂದೆ ಮಾಡಲು ಕಾದಿರುವ ಕೆಲಸ.

ಎಎಲ್‌ಟಿ ನಾಬ್ ಎಲ್ಲಿ ನಿಲ್ಲಬೇಕು ಅಂತ ಮಾತ್ರ ಹೇಳುತ್ತದೆ. ಹೇಗೆ ಏರಬೇಕು ಅನ್ನೋದನ್ನು ನೀವೇ ಹೇಳಬೇಕು. 6500 ಕೊಟ್ಟ ಮೇಲೆ, ಒಂದೇ ವೇಗ ಹಿಡಿದು ಏರಿಸುವ ಎಫ್‌ಎಲ್‌ಸಿ ಬಟನ್ ಒತ್ತಿ, ಥ್ರಾಟಲ್ ಪೂರ್ತಿ ಕೊಡಿ. ಇದರಲ್ಲಿ ಆಟೋಥ್ರಾಟಲ್ ಇಲ್ಲ, ಪವರ್ ನಿಮ್ಮ ಕೈಯಲ್ಲೇ. ಎಫ್‌ಎಲ್‌ಸಿ ಒತ್ತಿದ ಕ್ಷಣ ಎಷ್ಟು ವೇಗ ಇತ್ತೋ ಅದನ್ನೇ ಹಿಡಿಯುತ್ತದೆ. ಆಗ 110 ನಾಟ್ ಇದ್ದರೆ ಏರಿಕೆ ತುಂಬಾ ನಿಧಾನ. ನೋಸ್ ಅಪ್ ಬಟನ್ ಒತ್ತುತ್ತಾ 80ಕ್ಕೆ ಇಳಿಸಿ. ಮೇಲಿನ ಸಾಲಿನಲ್ಲಿ ಎಫ್‌ಎಲ್‌ಸಿ ಹಸಿರಾಗಿರುತ್ತದೆ, ಪಕ್ಕದಲ್ಲಿ ಎಎಲ್‌ಟಿಎಸ್ (ಕೊಟ್ಟ ಎತ್ತರದಲ್ಲಿ ನಿಲ್ಲಿಸುವ ಕೆಲಸ) ಬಿಳಿಯಾಗಿರುತ್ತದೆ. 6500 ಹತ್ತಿರ ಬಂದಾಗ ಎಎಲ್‌ಟಿಎಸ್ ಹಸಿರಾಗಿ, ಆಮೇಲೆ ಎಎಲ್‌ಟಿ, ಅಂದರೆ ಅದೇ ಎತ್ತರ ಹಿಡಿದಿರುವುದು, ಆಗುತ್ತದೆ. ಈ ಬದಲಾವಣೆ ನೋಡೋವರೆಗೂ ಕಣ್ಣು ತೆಗೆಯಬೇಡಿ.

ಪ್ರಶ್ನೆ: ನಿಮಿಷಕ್ಕೆ ಎಷ್ಟು ಅಡಿ ಏರಬೇಕು, ಇಳಿಯಬೇಕು ಅಂತ ಹೇಳುವ ವಿಎಸ್ ಒತ್ತಿ 1000 ಅಡಿ ಅಂತ ಕೊಟ್ಟರೆ ಆಗಲ್ವಾ?

ಉತ್ತರ: ಏರುವಾಗ ಬೇಡ. 172ರ ಎಸ್ ಮಾದರಿ ಸಮುದ್ರ ಮಟ್ಟದಲ್ಲೇ ನಿಮಿಷಕ್ಕೆ ಸುಮಾರು 730 ಅಡಿ ಏರುತ್ತದೆ, ಮೇಲೆ ಹೋದಂತೆ ಇನ್ನೂ ಕಡಿಮೆ. ಬೆಂಗಳೂರಿನ ನೆಲವೇ ಸುಮಾರು 3000 ಅಡಿ ಎತ್ತರದಲ್ಲಿದೆ. ಆಗದ ಏರಿಕೆ ಕೇಳಿದರೆ ಆಟೋಪೈಲಟ್ ಮೂಗು ಎತ್ತುತ್ತಲೇ ಹೋಗುತ್ತದೆ, ವೇಗ ಬೀಳುತ್ತದೆ. ಫ್ಲಾಪ್ ಇಲ್ಲದೆ ಸ್ಟಾಲ್ ವೇಗ (ಇದಕ್ಕಿಂತ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲ್ಲ) 48 ನಾಟ್. ವೇಗದ ಪಟ್ಟಿಯ ಪಕ್ಕದ ಗುಲಾಬಿ ಗೆರೆ ನೋಡಿ, ಇನ್ನು 6 ಸೆಕೆಂಡಿಗೆ ವೇಗ ಎಷ್ಟಿರುತ್ತದೆ ಅಂತ ತೋರಿಸುತ್ತದೆ. ಅದು ಕೆಳಮುಖವಾಗಿ ಉದ್ದ ಆಗುತ್ತಿದ್ದರೆ ತಡಮಾಡದೆ ಮೂಗು ಇಳಿಸಿ. ಇಳಿಯುವಾಗ ವಿಎಸ್ ಚೆನ್ನಾಗಿದೆ, 500 ಸಾಕು.

ಪ್ರಶ್ನೆ: ಮೈಸೂರಿನ ಕೋಡ್ ವಿಓಎಂವೈ ಹಾಕುವಾಗ ಅಕ್ಷರಗಳೆಲ್ಲ ತಪ್ಪಿ ಹೋಗುತ್ತವೆ ಮೇಡಂ.

ಉತ್ತರ: ಅಕ್ಷರ ಹಾಕುವ ಎಫ್‌ಎಂಎಸ್ ನಾಬ್ ಒಂದರ ಮೇಲೊಂದು ಕೂತ ಎರಡು ನಾಬ್. ಒಳಗಿನ ಚಿಕ್ಕದು ಅಕ್ಷರ ಬದಲಾಯಿಸುತ್ತದೆ, ಹೊರಗಿನ ದೊಡ್ಡದು ಮುಂದಿನ ಜಾಗಕ್ಕೆ ಕರೆದೊಯ್ಯುತ್ತದೆ. ಬಾಣದ ಗುರುತಿರುವ ಡೈರೆಕ್ಟ್-ಟು ಒತ್ತಿ, ಚಿಕ್ಕದರಿಂದ ವಿ, ದೊಡ್ಡದನ್ನು ಒಂದು ಹಲ್ಲು, ಮತ್ತೆ ಚಿಕ್ಕದರಿಂದ ಓ, ಹೀಗೆ. ಮುಗಿದ ಮೇಲೆ ಇಎನ್‌ಟಿ (ಎಂಟರ್) ಎರಡು ಸಲ. ಆಮೇಲೆ ಆಟೋಪೈಲಟ್ ಆ ದಾರಿ ಹಿಡಿಯಲು ಎನ್‌ಎವಿ ಒತ್ತಿ. ದಿಕ್ಕಿನ ಸೂಜಿ ಗುಲಾಬಿ ಬಣ್ಣದಲ್ಲಿದ್ದು ಜಿಪಿಎಸ್ ಅಂತ ಇದೆಯಾ ನೋಡಿಕೊಳ್ಳಿ. ಹಸಿರಾಗಿದ್ದರೆ ಅದು ರೇಡಿಯೋ ಸಿಗ್ನಲ್ ಹಿಂದೆ ಹೋಗುತ್ತದೆ. ಸಿಡಿಐ ಬಟನ್ ಒತ್ತಿ ಜಿಪಿಎಸ್‌ಗೆ ಬದಲಾಯಿಸಿ.

ಸ್ಕ್ರೀನ್ ಚಿಕ್ಕದಾಗಿ ಕಾಣುತ್ತಿದ್ದರೆ ಬಲಗಡೆಯ ಆಲ್ಟ್ ಹಿಡಿದು ಅದರ ಮೇಲೆ ಕ್ಲಿಕ್ ಮಾಡಿ, ಬೇರೆ ಕಿಟಕಿಯಾಗಿ ಹೊರಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಮ್ಮ ಮಗಳಿಗೆ ಮುಂದೆ ಪೈಲಟ್ ತರಬೇತಿಗೆ ಸೇರುವ ಆಸೆ. ಇದರಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತದಾ?

ಉತ್ತರ: ಖಂಡಿತ. ನಾಬ್, ಮೆನುಗಳು ಮೊದಲೇ ಗೊತ್ತಿದ್ದರೆ ದುಬಾರಿ ಹಾರಾಟದ ಸಮಯ ಉಳಿಯುತ್ತದೆ. ಗಾರ್ಮಿನ್‌ನ ಪೈಲಟ್ಸ್ ಗೈಡ್ ಉಚಿತವಾಗಿ ಸಿಗುತ್ತದೆ, ಇಳಿಸಿಕೊಡಿ. ಆದರೆ ಸಿಮ್ಯುಲೇಟರ್‌ನಿಂದ ಬರುವ ಮಕ್ಕಳಲ್ಲಿ ನಾನು ಜಾಸ್ತಿ ತಿದ್ದೋದು ಒಂದನ್ನೇ: ಕಣ್ಣು ಸ್ಕ್ರೀನಿಗೆ ಅಂಟಿಕೊಂಡಿರುತ್ತದೆ. ಹವಾಮಾನ ಚೆನ್ನಾಗಿರುವಾಗ ನೋಟ ಹೊರಗಿರಬೇಕು. ಬೇರೆ ವಿಮಾನ ಕಾಣೋದು ಅಲ್ಲೇ.

ಅದಕ್ಕೆ ಮಗಳಿಗೆ ಒಂದು ಅಭ್ಯಾಸ ಕೊಡಿ. ಪಿಎಫ್‌ಡಿಯ ಬೆಳಕು ಪೂರ್ತಿ ಇಳಿಸಿ, ದಿಗಂತ ನೋಡುತ್ತಾ ಕೆಳಗಿನ ಮೂರು ಸ್ಟ್ಯಾಂಡ್‌ಬೈ ಮೀಟರ್‌ಗಳಲ್ಲಿ ಒಂದು ಸರ್ಕ್ಯೂಟ್ (ರನ್‌ವೇ ಸುತ್ತ ಒಂದು ಸುತ್ತು) ಹಾರಿಸಲಿ. ಎತ್ತರ ತೋರಿಸುವ ಸ್ಟ್ಯಾಂಡ್‌ಬೈ ಆಲ್ಟಿಮೀಟರಿಗೂ ಕ್ಯೂಎನ್‌ಎಚ್ (ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ) ಬೇರೆಯಾಗಿ ಹಾಕಬೇಕು, ತುಂಬಾ ಜನ ಮರೆಯುತ್ತಾರೆ. ಅದು ಬಂದ ಮೇಲೆ ಎರಡು ಸ್ಕ್ರೀನ್ ನಡುವಿನ ಆಡಿಯೋ ಪ್ಯಾನೆಲ್ ಕೆಳಗಿರುವ ಕೆಂಪು ಡಿಸ್‌ಪ್ಲೇ ಬ್ಯಾಕಪ್ ಬಟನ್ ಒತ್ತಲಿ. ಪಿಎಫ್‌ಡಿಯ ಮಾಹಿತಿ ಬಲಗಡೆ ಸ್ಕ್ರೀನಿನಲ್ಲಿ ಬರುತ್ತದೆ. ಬಲಕ್ಕೆ ನೋಡುತ್ತಾ ಹಾರಿಸೋದಕ್ಕೂ ಅಭ್ಯಾಸ ಬೇಕು.